ಸಿಂಗಪುರಕ್ಕೆ ಬಂದ ನಮ್ಮ ಕಡೆಯವರಿಗೆ: ಬೀಡಿ ಹಚ್ಚುವ ಮುನ್ನ

ರಾಯಚೂರು, ಕೊಪ್ಪಳ, ಬಳ್ಳಾರಿಯಿಂದ ಹೊಸದಾಗಿ ಬಂದವರು ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಮೊದಲ ದಿನವೇ ಕೇಳುತ್ತಾರೆ. ಸಿಗರೇಟಿನ ಕಾನೂನು ಕೇಳುವುದು ದಂಡದ ಚೀಟಿ ಕೈಗೆ ಬಂದ ಮೇಲೆ.

ಊರಲ್ಲಿ ಹಿರಿಯರಿದ್ದರೆ ನಾವು ಎದ್ದು ಹೊರಗೆ ಹೋಗಿ ಸೇದುತ್ತೇವೆ. ಇಲ್ಲಿ ಸಿಕ್ಕಿಬೀಳುವವರು ಹಾಗೆ ಹೊರಗೆ ಬಂದವರೇ. ಫ್ಲ್ಯಾಟುಗಳ ಕೆಳಗೆ ವಾಯ್ಡ್ ಡೆಕ್ ಎಂಬ ಖಾಲಿ ಜಾಗವಿರುತ್ತದೆ. ಗೋಡೆಯಿಲ್ಲ, ಗಾಳಿ ಆಡುತ್ತದೆ, ಥೇಟ್ ನಮ್ಮ ಪಡಸಾಲೆ. ಸಿಂಧನೂರಿನ ಹುಡುಗನೊಬ್ಬ ಬಂದ ವಾರದಲ್ಲೇ ಮಳೆಗೆ ಅಲ್ಲಿ ನಿಂತು ಸಿಗರೇಟು ಹಚ್ಚಿದ. ಎರಡು ದಮ್ಮು ಎಳೆಯುವಷ್ಟರಲ್ಲಿ ಅಧಿಕಾರಿ ಎದುರಿಗೆ ನಿಂತು ಗುರುತಿನ ಚೀಟಿ ಕೇಳಿದರು. 200 ಡಾಲರ್ ದಂಡ, ನಮ್ಮ ಲೆಕ್ಕದಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕು. ಮೊದಲ ಸಂಬಳ ಇನ್ನೂ ಬಂದಿರಲಿಲ್ಲ. ಕೋರ್ಟಿಗೆ ಹೋದರೆ 1,000 ಡಾಲರ್‌ವರೆಗೂ ಏರಬಹುದು.

ಫ್ಲ್ಯಾಟುಗಳ ಬಾಗಿಲ ಹೊರಗೆ ಎಲ್ಲರೂ ಓಡಾಡುವ ಮೊಗಸಾಲೆ, ಮೆಟ್ಟಿಲು, ಉದ್ಯಾನಗಳಲ್ಲೂ ಸೇದುವಂತಿಲ್ಲ. ಬಸ್ ನಿಲ್ದಾಣದಿಂದ, ಕಟ್ಟಡದ ಬಾಗಿಲಿನಿಂದ ಐದು ಮೀಟರ್ ದೂರವಿರಬೇಕು. ಏಳೆಂಟು ಹೆಜ್ಜೆ ಎಣಿಸಿ ನಡೆಯಿರಿ. ಆರ್ಚರ್ಡ್ ರಸ್ತೆಯ ಸುತ್ತಮುತ್ತ 2019ರಿಂದ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ. ಬಸ್ಸು, ಚಿತ್ರಮಂದಿರಗಳಲ್ಲಿ 1970ರಲ್ಲೇ ನಿಲ್ಲಿಸಿದ ಊರು ಇದು.

ಕಚೇರಿಯೊಳಗಂತೂ ಮಾತೇ ಇಲ್ಲ. ಯಾರಾದರೂ ಸೇದಿದರೆ ತಡೆಯುವ ಹೊಣೆ ಜಾಗ ನೋಡಿಕೊಳ್ಳುವವರ ಮೇಲೂ ಇದೆ. ಆದ್ದರಿಂದ ಮೇಲಧಿಕಾರಿ ಬಂದು 'ನಿಲ್ಲಿಸು' ಎಂದರೆ ಅವಮಾನವೆಂದು ತಿಳಿಯಬೇಡಿ. ಸ್ವಂತ ಮನೆಯೊಳಗೆ ಕಾನೂನಿನ ತಡೆಯಿಲ್ಲ, ಬಾಡಿಗೆ ಕರಾರನ್ನು ಮಾತ್ರ ಓದಿಕೊಳ್ಳಿ. ಇ-ಸಿಗರೇಟು ಜೇಬಿನಲ್ಲಿದ್ದರೂ ಅಪರಾಧ.

ಕರ್ನಾಟಕದಲ್ಲೂ ಈಗ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿ, ತಂಬಾಕು ಕೊಳ್ಳುವ ವಯಸ್ಸು 21. ಇಲ್ಲಿಯೂ 21.

ನನಗೆ ಹೆಚ್ಚು ಚಿಂತೆ ಮಕ್ಕಳನ್ನು ನೋಡಲು ಬರುವ ಅಪ್ಪಂದಿರದು. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು, ಚೀಲದ ಮೂಲೆಯಲ್ಲಿ ಗುಟ್ಕಾ ಚೀಟಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ತಂಬಾಕಿಗೆ ಸುಂಕ ವಿನಾಯಿತಿ ಒಂದು ಪೊಟ್ಟಣಕ್ಕೂ ಇಲ್ಲ; ಗುಟ್ಕಾ, ಖೈನಿ ತರುವುದೇ ನಿಷಿದ್ಧ. ಅವರು ಊರು ಬಿಡುವ ಹಿಂದಿನ ರಾತ್ರಿ ಫೋನ್ ಮಾಡಿ, ಅವ್ವನ ಕೈಯಲ್ಲಿ ಆ ಜೇಬುಗಳನ್ನು ಒಮ್ಮೆ ಖಾಲಿ ಮಾಡಿಸಿ.