ಕಾರವಾರದ ಕೊಲ್ಲಿಯಲ್ಲಿ ಒಂದು ಬೆಳಗು: ಇಡೀ ಬೋಟು ಗೊತ್ತು ಮಾಡಿಕೊಂಡು ಹೋಗುವವರಿಗೆ

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯ ಉತ್ತರ ದಡದಲ್ಲಿ ಸದಾಶಿವಗಡದ ಗುಡ್ಡ ಮತ್ತು ದೇವಬಾಗದ ಮರಳದಂಡೆ ಇವೆ. ದಕ್ಷಿಣ ದಡದಲ್ಲಿ ಕೋಡಿಬಾಗ, ಅಲ್ಲಿಂದ ಊರಿನ ಉದ್ದಕ್ಕೂ ಚಾಚಿದ ಟ್ಯಾಗೋರ್ ಕಡಲತೀರ, ಕೊನೆಯಲ್ಲಿ ಬೈತಖೋಲ ಬಂದರಿನ ಗುಡ್ಡ. ಪಶ್ಚಿಮಕ್ಕೆ ಕೂರ್ಮಗಡ, ಅದರಾಚೆ ದೀಪಸ್ತಂಭ ಹೊತ್ತ ದೇವಗಡ. ಈ ಇಷ್ಟನ್ನು ದಡದಲ್ಲಿ ನಿಂತು ನೋಡಿದವರು ಬಹಳ. ನೀರಿನ ಮೇಲಿಂದ ನೋಡಬೇಕೆಂದು ಬಯಸುವವರಿಗೆ ಇರುವ ದಾರಿಗಳು ಎರಡು. ಒಂದು, ತಲೆಗಿಷ್ಟು ಎಂದು ದುಡ್ಡು ಕೊಟ್ಟು ಸಿಕ್ಕ ಬೋಟು ಹತ್ತುವುದು. ಇನ್ನೊಂದು, ಮನೆಯವರಿಗೋ ಗೆಳೆಯರಿಗೋ ಸೇರಿ ಇಡೀ ಬೋಟನ್ನು ಗೊತ್ತು ಮಾಡಿಕೊಳ್ಳುವುದು. ಎರಡನೆಯದಕ್ಕೆ ಹೆಚ್ಚು ಹಣ ಹೋಗುತ್ತದೆ. ಆ ಹೆಚ್ಚಿನ ಹಣಕ್ಕೆ ಸಿಗುವುದು ಏಕಾಂತ ಎಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಸಿಗುವುದು ಅದಕ್ಕಿಂತ ಮುಖ್ಯವಾದ ಎರಡು ಅಧಿಕಾರಗಳು: ಬೋಟಿಗೆ ಎಷ್ಟು ಜನ ಹತ್ತಬೇಕು ಎಂಬುದು ಮತ್ತು ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದು. ಈ ಎರಡನ್ನು ಸರಿಯಾಗಿ ಬಳಸಿಕೊಳ್ಳಲು ಗೊತ್ತಿಲ್ಲದಿದ್ದರೆ ಇಡೀ ಬೋಟಿನ ಬಾಡಿಗೆ ಕೊಟ್ಟೂ ಪ್ರಯೋಜನವಿಲ್ಲ.

ಮೊದಲು ಹೊತ್ತಿನ ವಿಷಯ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಕೊಂಕಣಿ ಮಾತಾಡುವ ಮೀನುಗಾರರ ಬಾಯಲ್ಲಿ ಭರತಿ, ಸುಕತಿ. ಒಂದು ದಿನದ ಭರತದ ಹೊತ್ತು ಮರುದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನಗಳಲ್ಲಿ ಕಾರವಾರದಲ್ಲಿ ನೀರು ತುಂಬಿ ನಿಲ್ಲುವುದು ಬೆಳಿಗ್ಗೆ 11 ಗಂಟೆಯ ಆಸುಪಾಸಿನಲ್ಲಿ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವಾಗಿ, ಬೆಳಿಗ್ಗೆ 11ರ ಸುಮಾರಿಗೆ ನೀರು ಇಳಿದು ಅಳಿವೆಯ ಮರಳದಿಬ್ಬಗಳು ಹೊರಬೀಳುತ್ತವೆ. ಆದ್ದರಿಂದ ಬೆಳಗಿನ ಪಯಣ ಬಯಸುವವರು ಕ್ಯಾಲೆಂಡರಿನಲ್ಲಿ ಭಾನುವಾರ ಹುಡುಕುವ ಮೊದಲು ತಿಥಿಯನ್ನು ನೋಡುವುದು ಒಳ್ಳೆಯದು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹಿಂದುಮುಂದಿನ ಎರಡು ಮೂರು ದಿನಗಳಲ್ಲಿ ಏಳೂವರೆಗೆ ಹೊರಟರೆ ಏರುವ ನೀರಿನಲ್ಲಿ ಹೋಗಿ, ತುಂಬಿದ ನೀರಿನಲ್ಲಿಯೇ ಮರಳಬಹುದು. ಇದು ಅಂದಾಜಿನ ಲೆಕ್ಕ ಮಾತ್ರ. ನಿಖರವಾದ ಹೊತ್ತಿಗೆ ಆ ವರ್ಷದ ಭರತ-ಇಳಿತದ ಪಟ್ಟಿಯನ್ನೇ ನೋಡಬೇಕು, ಆಮೇಲೆ ಬೋಟು ನಡೆಸುವ ತಾಂಡೇಲರನ್ನು ಕೇಳಬೇಕು. ಎರಡೂ ಹೊಂದದಿದ್ದರೆ ನಾನು ತಾಂಡೇಲರ ಮಾತನ್ನು ನಂಬುತ್ತೇನೆ, ಏಕೆಂದರೆ ನೀರಿನ ಎತ್ತರವನ್ನು ಪಟ್ಟಿ ಹೇಳೀತು, ಈ ವರ್ಷದ ಮಳೆಗಾಲ ಮರಳನ್ನು ಎಲ್ಲಿಗೆ ಸರಿಸಿದೆ ಎಂಬುದನ್ನು ಹೇಳಲಾರದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಸಲ ಹೋದಾಗ ತಿಂಡಿ ಮುಗಿಸಿ, ಮಕ್ಕಳಿಗೆ ಟೋಪಿ ಹುಡುಕಿ, ಬೋಟು ಕಟ್ಟುವ ಧಕ್ಕೆ ತಲುಪುವಾಗ ಹತ್ತು ಗಂಟೆಯಾಗಿತ್ತು, ಅಂದು ಅಷ್ಟಮಿ. ಬೋಟಿನವರು ಒಂದು ಮಾತೂ ಆಡದೆ ಹೊರಡಿಸಿದರು. ಅಳಿವೆಗೆ ಇನ್ನೂ ಸ್ವಲ್ಪ ದೂರವಿರುವಾಗ ಎಂಜಿನ್ನಿನ ಸದ್ದು ದಪ್ಪಗಾಯಿತು, ಹಿಂದೆ ಏಳುತ್ತಿದ್ದ ಬಿಳಿ ನೊರೆ ಇದ್ದಕ್ಕಿದ್ದಂತೆ ಕಂದಾಯಿತು, ಬೋಟು ಮೆತ್ತಗೆ ನಿಂತಿತು. ಜೊತೆಯಲ್ಲಿದ್ದ ಹುಡುಗ ಬಿದಿರಿನ ಗಳ ಇಳಿಸಿ ಎತ್ತಿ ತೋರಿಸಿದ. ಒದ್ದೆಯಾದ ಭಾಗ ಅವನ ಮೊಣಕಾಲಿನ ಎತ್ತರಕ್ಕೂ ಬರುತ್ತಿರಲಿಲ್ಲ. ಅನತಿ ದೂರದಲ್ಲಿ ಹೆಂಗಸರು ಬುಟ್ಟಿ ಹಿಡಿದು ಅದೇ ನದಿಯಲ್ಲಿ ನಡೆದಾಡುತ್ತ ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು, ನಮ್ಮನ್ನು ನೋಡಿ ನಕ್ಕರು. ನೀರು ತಿರುಗಿ ಏರುವ ತನಕ ಬಿಸಿಲಿನಲ್ಲಿ ಕುಳಿತಿದ್ದು, ದ್ವೀಪ ನೋಡದೆ ಮರಳಿದೆವು. ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಾಯಿತು.

ಹೊತ್ತಿನ ಇನ್ನೊಂದು ಮುಖ ಗಾಳಿ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಮೆದುವಾಗಿರುತ್ತದೆ, ಕೊಲ್ಲಿಯ ನೀರು ಹಾಸಿದ ಹಾಗೆ ಇರುತ್ತದೆ. ನೆಲ ಕಾದ ಮೇಲೆ ಗಾಳಿ ದಿಕ್ಕು ಬದಲಿಸಿ ವಾಯವ್ಯದಿಂದ ಬೀಸತೊಡಗುತ್ತದೆ. ಮಧ್ಯಾಹ್ನದ ಮೇಲೆ ಅಲೆಗಳ ತಲೆಯಲ್ಲಿ ಬಿಳಿ ಕಾಣಿಸುತ್ತದೆ. ಇಳಿತದ ನೀರು ಅಳಿವೆಯಿಂದ ರಭಸವಾಗಿ ಹೊರಬೀಳುವಾಗ ಕಡಲಗಾಳಿ ಎದುರಿನಿಂದ ಬೀಸಿದರೆ, ಎರಡೂ ಗುದ್ದಾಡುವ ಜಾಗದಲ್ಲಿ ಅಲೆಗಳು ಗಿಡ್ಡವಾಗಿಯೂ ಕಡಿದಾಗಿಯೂ ಏಳುತ್ತವೆ. ಸಣ್ಣ ಬೋಟಿಗೆ ಈ ಕೊಲ್ಲಿಯಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಮೇಲೆ ಹೇಳಿದ ತಿಥಿಗಳಲ್ಲಿ ಹನ್ನೊಂದರೊಳಗೆ ಅಳಿವೆಯೊಳಕ್ಕೆ ಬಂದುಬಿಡಬೇಕು ಎನ್ನುವುದು ಇದೇ ಕಾರಣಕ್ಕೆ. ಇಳಿತ ಶುರುವಾಗುವುದೂ ಗಾಳಿ ಏರುವುದೂ ಅಂದು ಒಟ್ಟಿಗೇ ಆಗುತ್ತವೆ.

ಋತುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವಾಗ ವಿಹಾರದ ಮಾತು ಬೇಡ. ಮಳೆ ನಿಂತ ಮೇಲೂ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ನದಿಯ ಸೆಳೆತ ಜೋರಾಗಿರುತ್ತದೆ. ನವೆಂಬರಿನಿಂದ ಫೆಬ್ರವರಿ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉದ್ದಲೆಗಳು ಬಂದು ದಡಕ್ಕೆ ಬಡಿಯುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆಯನ್ನೂ ಇಂಥ ಎಚ್ಚರಿಕೆಗಳನ್ನೂ ಪ್ರಕಟಿಸುತ್ತದೆ. ಹಿಂದಿನ ಸಂಜೆ ಅದನ್ನು ನೋಡಿಕೊಂಡು, ಅಲೆ ಒಂದು ಮೀಟರಿಗಿಂತ ಹೆಚ್ಚು ಎಂದಿದ್ದರೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ.

ಇನ್ನು ಬೋಟು ಗೊತ್ತು ಮಾಡುವುದು. ಹಿಂದಿನ ದಿನ ಸಂಜೆಯೇ ಧಕ್ಕೆಗೆ ಹೋಗಿ ಬೋಟನ್ನು ಕಣ್ಣಾರೆ ನೋಡಿ ಮಾತಾಡುವುದು ಫೋನಿನಲ್ಲಿ ಮಾತಾಡುವುದಕ್ಕಿಂತ ಮೇಲು. ಬಂದರು ಇಲಾಖೆಯ ಪರವಾನಗಿ ಇದೆಯೇ, ಎಷ್ಟು ಜನರಿಗೆ ಇದೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಸರಿಯಾದವರು ಕಾಗದ ತೋರಿಸುತ್ತಾರೆ, ಬೇಸರಪಟ್ಟುಕೊಳ್ಳುವವರನ್ನು ಬಿಟ್ಟು ಮುಂದೆ ಹೋಗಬಹುದು. ಮೀನು ಹಿಡಿಯುವ ಬೋಟನ್ನು ಕಡಿಮೆ ದುಡ್ಡಿಗೆ ತರುತ್ತೇನೆ ಎನ್ನುವವರು ಸಿಗುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಆ ಬೋಟಿನಲ್ಲಿ ನಿಮ್ಮ ಸಂಖ್ಯೆಗೆ ತಕ್ಕಷ್ಟು ಲೈಫ್ ಜಾಕೆಟ್ ಇರುವುದಿಲ್ಲ. ಜಾಕೆಟ್‌ಗಳನ್ನು ಎಣಿಸಬೇಕು, ಎಣಿಸಿದ ಮೇಲೆ ಒಂದೊಂದರ ಬಕಲ್ ಹಾಕಿ ತೆಗೆದು ನೋಡಬೇಕು, ಮಕ್ಕಳ ಅಳತೆಯದು ಇದೆಯೇ ಎಂದು ಬೇರೆಯಾಗಿ ಕೇಳಬೇಕು, ಏಕೆಂದರೆ ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ಎಂಜಿನ್ ಕೈಕೊಟ್ಟರೆ ಹುಟ್ಟು ಇದೆಯೇ, ಲಂಗರು ಇದೆಯೇ, ತಾಂಡೇಲರ ಜೊತೆ ಇನ್ನೊಬ್ಬರು ಇರುತ್ತಾರೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಮಾತಾಡಿದರೆ ತಾಂಡೇಲರು ನಿಧಾನಿಸುತ್ತಾರೆ, ಸುತ್ತಿನ ಲೆಕ್ಕದಲ್ಲಿ ಮಾತಾಡಿದರೆ ಅವಸರಿಸುತ್ತಾರೆ. ಇದು ತಪ್ಪೆಂದು ಹೇಳಲಾರೆ, ಡೀಸೆಲ್ಲು ಅವರದು. ಕೂರ್ಮಗಡ, ದೇವಗಡ ಎರಡನ್ನೂ ಸುತ್ತಿ, ನಡುವೆ ಅರ್ಧ ಗಂಟೆ ಎಂಜಿನ್ ನಿಲ್ಲಿಸಿ, ಒಟ್ಟು ಮೂರು ಗಂಟೆಗೆ ಇಷ್ಟು ಎಂದು ಬಿಡಿಸಿ ಮಾತಾಡಿದರೆ ಇಬ್ಬರಿಗೂ ನೆಮ್ಮದಿ. ಹವೆ ಕೆಟ್ಟು ಅರ್ಧದಲ್ಲಿ ಮರಳಿದರೂ ಹಣ ಕಡಿಮೆ ಮಾಡಿ ಎಂದು ಕೇಳುವುದಿಲ್ಲ ಎಂಬ ಮಾತನ್ನೂ ನೀವಾಗಿಯೇ ಸೇರಿಸಿ. ಹಣ ಹೋದೀತೆಂಬ ಅಳುಕಿನಲ್ಲಿ ತಾಂಡೇಲರು ಮುಂದುವರಿಯುವ ಸಂದರ್ಭವನ್ನು ನಾವು ಸೃಷ್ಟಿಸಬಾರದು.

ಜನರ ಸಂಖ್ಯೆಯ ವಿಷಯದಲ್ಲಿ ಕಾರವಾರದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ಬೋಟು ಮಗುಚಿ 16 ಮಂದಿ ತೀರಿಕೊಂಡರು. ಇಡೀ ಬೋಟು ನಮ್ಮದೇ ಆಗಿರುವಾಗ ಕೊನೆಯ ಗಳಿಗೆಯಲ್ಲಿ ಬಂದು ಸೇರುವ ಭಾವನನ್ನೂ ಅವನ ಇಬ್ಬರು ಗೆಳೆಯರನ್ನೂ ತಡೆಯಬೇಕಾದವರು ನಾವೇ. ತಾಂಡೇಲರಿಗೆ ಗಿರಾಕಿಯ ಮಾತು ಮೀರುವುದು ಕಷ್ಟ. ಅವರನ್ನು ಆ ಇಕ್ಕಟ್ಟಿಗೆ ದೂಡದೆ, ಭಾವನನ್ನು ಕಡಲತೀರದಲ್ಲಿ ಚಹಾ ಕುಡಿಯಲು ಬಿಟ್ಟು ಹೋಗುವುದು ಲೇಸು.

ಹತ್ತುವಾಗ ಒಬ್ಬೊಬ್ಬರಾಗಿ, ಬೋಟಿನ ನಡುವೆ ಕಾಲಿಟ್ಟು ಹತ್ತಬೇಕು. ಚಪ್ಪಲಿ ಕೈಯಲ್ಲಿರಲಿ, ಫೋನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿರಲಿ. ತಲೆಸುತ್ತುವವರು ಹಿಂಭಾಗದಲ್ಲಿ ಕುಳಿತು ದಿಗಂತದ ಕಡೆಗೆ ಕಣ್ಣು ನೆಟ್ಟರೆ ಬಾಧೆ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು.

ಕೋಡಿಬಾಗದ ಕಡೆಯಿಂದ ಹೊರಟರೆ ತಾಂಡೇಲರು ನೇರವಾಗಿ ಕಡಲಿಗೆ ತಿರುಗಿಸುವುದು ರೂಢಿ. ಮೊದಲ ಹತ್ತು ನಿಮಿಷವನ್ನು ನದಿಯೊಳಗೇ ಕಳೆಯೋಣ ಎಂದು ಹೇಳಿ. ಏರುವ ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಹೊಗುವುದನ್ನು ಹತ್ತಿರದಿಂದ ನೋಡಲು ಇದೇ ಸಮಯ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಒಂದೊಂದಾಗಿ ಮುಳುಗುತ್ತಿರುತ್ತವೆ, ಬೆಳ್ಳಕ್ಕಿ ಅಷ್ಟಷ್ಟೇ ಹಿಂದೆ ಸರಿಯುತ್ತಿರುತ್ತದೆ. ಆಮೇಲೆ ಸದಾಶಿವಗಡದ ಬುಡ ಹಾದು ಅಳಿವೆ ದಾಟುವಾಗ ಎಲ್ಲರೂ ಕುಳಿತಿರಬೇಕು, ತಾಂಡೇಲರ ಜೊತೆ ಮಾತು ನಿಲ್ಲಿಸಬೇಕು. ಅವರು ಅಲೆಗಳನ್ನು ಎಣಿಸುತ್ತಿರುತ್ತಾರೆ.

ಅಳಿವೆಯಾಚೆ ಕೂರ್ಮಗಡ ತನ್ನ ಹೆಸರಿಗೆ ತಕ್ಕಂತೆ ಆಮೆಯ ಬೆನ್ನಿನ ಹಾಗೆ ಕಾಣಿಸುತ್ತದೆ. ಬೆಳಗಿನ ಸೂರ್ಯ ನಮ್ಮ ಬೆನ್ನಿಗಿರುವುದರಿಂದ ಚಿತ್ರ ತೆಗೆಯುವವರು ದ್ವೀಪಗಳ ಚಿತ್ರವನ್ನು ಹೋಗುವಾಗಲೇ ತೆಗೆದುಕೊಳ್ಳಬೇಕು. ಮರಳುವಾಗ ಬಿಸಿಲು ಕಣ್ಣಿಗೆ ಬಡಿಯುತ್ತದೆ, ಆಗ ನೋಡಬೇಕಾದದ್ದು ಊರಿನ ಹಿಂದೆ ಒಂದರ ಹಿಂದೊಂದು ನೀಲಿಯಾಗಿ ನಿಂತ ಸಹ್ಯಾದ್ರಿಯ ಸಾಲುಗಳು. ದ್ವೀಪದಲ್ಲಿ ಇಳಿಯಬಹುದೇ ಎಂಬುದನ್ನು ದಡದಲ್ಲೇ ಕೇಳಿಕೊಂಡಿರಬೇಕು. ಅಲೆಯಿದ್ದರೆ ತಾಂಡೇಲರು ಬೇಡವೆಂದಾರು, ಆಗ ಒತ್ತಾಯ ಸಲ್ಲದು. ದಕ್ಷಿಣಕ್ಕೆ ಬೈತಖೋಲದ ಗುಡ್ಡದಾಚೆ ನೌಕಾಪಡೆಯ ಕದಂಬ ನೆಲೆ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಲಂಗರು ಹಾಕಿದ್ದ ಅಂಜದೀವ ದ್ವೀಪವೂ ಈಗ ಆ ನೆಲೆಯ ಭಾಗ. ಆ ಕಡೆಗೆ ಬೋಟು ತಿರುಗಿಸುವಂತೆ ಕೇಳಬೇಡಿ, ಕ್ಯಾಮೆರಾವನ್ನೂ ತಿರುಗಿಸಬೇಡಿ. ಡ್ರೋನನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಡಾಲ್ಫಿನ್ ಕಾಣುವುದು ಖಾತರಿ ಎಂದು ಹೇಳುವವರನ್ನು ನಾನು ನಂಬುವುದಿಲ್ಲ, ಆದರೆ ಕಾಣುವ ಸಂಭವ ಈ ಕೊಲ್ಲಿಯಲ್ಲಿ ಚೆನ್ನಾಗಿಯೇ ಇದೆ. ಇಲ್ಲಿರುವುದು ಗೂನುಬೆನ್ನಿನ ಡಾಲ್ಫಿನ್. ಆಳವಿಲ್ಲದ ನೀರನ್ನೂ ನದೀಮುಖಗಳನ್ನೂ ಮೆಚ್ಚುವ ಜಾತಿ. ಚಿತ್ರಗಳಲ್ಲಿ ನೋಡಿದಂತೆ ಹಾರಿ ಕುಣಿಯುವುದು ಅಪರೂಪ. ಮೊದಲು ಉದ್ದ ಮೂತಿ, ಆಮೇಲೆ ಬೂದುಬಣ್ಣದ ಬೆನ್ನಿನ ಗೂನು, ಅದರ ಮೇಲಿನ ಸಣ್ಣ ರೆಕ್ಕೆ ಉರುಳಿಕೊಂಡು ಹೋದಂತೆ ಕಾಣಿಸಿ ಮರೆಯಾಗುತ್ತವೆ. ಬೆನ್ನಟ್ಟಿದರೆ ಅದೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಎಂಬ ಕಾನೂನಿನ ಮಾತು ಒಂದೆಡೆಯಿರಲಿ. ನೋಡುವ ಆಸೆಯಿರುವವರಿಗೂ ಎಂಜಿನ್ ನಿಲ್ಲಿಸುವುದೇ ಲಾಭ. ಮಾತಾಡಿಕೊಂಡಿದ್ದ ಅರ್ಧ ಗಂಟೆಯನ್ನು ಬಳಸಬೇಕಾದದ್ದು ಇಲ್ಲಿಯೇ. ಎಂಜಿನ್ ನಿಂತ ಮೇಲೆ ಕೆಲವು ನಿಮಿಷ ಬೋಟಿನ ಬದಿಗೆ ನೀರು ತಟ್ಟುವ ಸದ್ದೊಂದೇ. ಆಮೇಲೆ ಎಲ್ಲಿಂದಲೋ ‘ಫುಸ್’ ಎಂದು ಉಸಿರು ಬಿಟ್ಟ ಸದ್ದು ಕೇಳುತ್ತದೆ, ತಲೆ ತಿರುಗಿಸುವಷ್ಟರಲ್ಲಿ ನೀರಿನ ಮೇಲೆ ಉಂಗುರವಷ್ಟೇ ಉಳಿದಿರುತ್ತದೆ. ಎರಡನೆಯ ಉಸಿರಿಗೆ ಕಾಯಬೇಕು.

ಕಡಲಿನಲ್ಲಿ ಏನಾದರೂ ತೊಂದರೆಯಾದರೆ ಕರಾವಳಿ ಕಾವಲು ಪೊಲೀಸರ 1093 ಮತ್ತು ತಟರಕ್ಷಕ ಪಡೆಯ 1554 ಸಂಖ್ಯೆಗಳನ್ನು ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಂಡಿರಿ. ಜೊತೆಗೆ ದಡದಲ್ಲಿ ಉಳಿದ ಒಬ್ಬರಿಗೆ ಹೊರಟ ಹೊತ್ತನ್ನೂ ಮರಳುವ ಹೊತ್ತನ್ನೂ ತಿಳಿಸಿರಿ.

ಮರಳುವಾಗ ಗಾಳಿ ಬೇಗ ಎದ್ದುಬಿಟ್ಟರೆ, ಅಥವಾ ಸುಮ್ಮನೆ ಮನಸ್ಸಾದರೆ, ಹತ್ತಿದಲ್ಲಿಯೇ ಇಳಿಯಬೇಕೆಂಬ ಕಟ್ಟುಪಾಡು ಇಡೀ ಬೋಟು ಹಿಡಿದವರಿಗಿಲ್ಲ. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಟ್ಯಾಗೋರರು ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿದ್ದರು. ಮರಳುವಾಗ ನದೀಮುಖ ತಲುಪುವಷ್ಟರಲ್ಲಿ ಬಹಳ ಹೊತ್ತಾದದ್ದರಿಂದ, ಕಡಲಿನ ದಾರಿ ಬಿಟ್ಟು, ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಕೋಡಿಬಾಗದ ತುದಿಯಲ್ಲಿ ಇಳಿಸಿರಿ ಎಂದು ತಾಂಡೇಲರಿಗೆ ಮೊದಲೇ ಹೇಳಿದ್ದರೆ ಇಂದೂ ಹಾಗೆ ಮಾಡಬಹುದು. ಬೋಟಿನಲ್ಲಿ ಮೂರು ಗಂಟೆ ಕುಳಿತ ಕಾಲುಗಳಿಗೆ ಮೊದಲ ನೂರು ಹೆಜ್ಜೆಗಳವರೆಗೆ ಮರಳೂ ಅಲುಗಾಡುತ್ತಿರುವಂತೆ ಅನಿಸುತ್ತದೆ. ಹತ್ತೂವರೆಯ ಬಿಸಿಲಿಗೆ ಒಣ ಮರಳು ಕಾದಿರುತ್ತದೆ. ನೀರು ಒದ್ದೆ ಮಾಡಿದ ಅಂಚನ್ನು ಹಿಡಿದು ನಡೆದರೆ ಊರಿನವರೆಗೂ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೋಗಬಹುದು.