ರಾಗಿ ಎಲೆಯೊಳಗಿನ ಹಸಿರು ಬಳೆ

ಕೋಲಾರದ ಪದವಿ ಕಾಲೇಜೊಂದಕ್ಕೆ ಸಸ್ಯಶಾಸ್ತ್ರದ ಅಧ್ಯಾಪಕನಾಗಿ ಸೇರಿದಾಗ ಪ್ರಯೋಗಾಲಯದಲ್ಲಿ ಒಂದು ಸೂಕ್ಷ್ಮದರ್ಶಕವೂ ತೆಳು ಸೀಳು ಕತ್ತರಿಸುವ, ಆದರೆ ಕೆಟ್ಟು ನಿಂತ ಒಂದು ಮೈಕ್ರೋಟೋಮ್ ಯಂತ್ರವೂ ಇದ್ದವು. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ರಾಗಿ ಹೊಲವಿತ್ತು. ಇಷ್ಟನ್ನು ಇಟ್ಟುಕೊಂಡು ಸಸ್ಯಕೋಶದ ಬಗ್ಗೆ ಸಂಶೋಧನೆ ಆಗದು ಎಂದವರೇ ಹೆಚ್ಚು. ನಾನು ಕ್ಷೌರದ ಬ್ಲೇಡು ಕೈಗೆತ್ತಿಕೊಂಡೆ.

ವಿಧಾನ ಸರಳ, ಆದರೆ ಕೈ ಪಳಗಬೇಕು. ಮಾಲೂರು ಕಡೆಯ ಎಳೆಯ ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ, ಅದರ ನಡುವೆ ರಾಗಿ ಎಲೆಯ ತುಣುಕನ್ನು ಇಟ್ಟು, ಒದ್ದೆಯಾದ ಬ್ಲೇಡನ್ನು ಒತ್ತದೆ ಓರೆಯಾಗಿ ಮೈಕಡೆಗೆ ಎಳೆಯಬೇಕು. ನೂರು ಸೀಳು ತೆಗೆದರೆ ನಾಲ್ಕೈದು ಮಾತ್ರ ಕೆಲಸಕ್ಕೆ ಬರುತ್ತವೆ. ಗಡಿಯಾರದ ಗಾಜಿನಂಥ ಬಟ್ಟಲಿನ ನೀರಿನಲ್ಲಿ ತೇಲುವಾಗ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಕಾಣುವ ಸೀಳನ್ನು ಕುಂಚದ ತುದಿಯಿಂದ ಎತ್ತಿ ಗಾಜಿನ ಪಟ್ಟಿಯ ಮೇಲಿಟ್ಟರೆ, ಪ್ರತಿ ನಾಳಕೂರ್ಚದ (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟಿನ) ಸುತ್ತ ದೊಡ್ಡ ಕೋಶಗಳ ಒಂದು ಬಳೆ, ಆ ಬಳೆಯ ಒಳಮಗ್ಗುಲಿಗೆ ಒತ್ತಿಕೊಂಡು ನಿಂತ, ಬೆಳಕಿನಿಂದ ಆಹಾರ ತಯಾರಿಸುವ ಗಾಢ ಹಸಿರಿನ ಕ್ಲೋರೋಪ್ಲಾಸ್ಟ್‌ಗಳು ಕಾಣುತ್ತವೆ. ಪಕ್ಕದ ಹೊಲದ ಮುಸುಕಿನ ಜೋಳದ ಎಲೆಯನ್ನು ಹೀಗೆಯೇ ಸೀಳಿದರೆ, ಬಳೆ ಅದೇ, ಆದರೆ ಕ್ಲೋರೋಪ್ಲಾಸ್ಟ್‌ಗಳು ಹೊರಮಗ್ಗುಲಿಗೆ ಸರಿದಿರುತ್ತವೆ. ಈ ಎರಡನ್ನೂ ಮೊದಲ ಸಲ ಒಟ್ಟಿಗೆ ಕಂಡ ಸಂಜೆ ನಾನು ಮನೆಗೆ ಹೊರಟಾಗ ಕತ್ತಲಾಗಿತ್ತು.

ಈ ಬಳೆಗೆ ಜರ್ಮನ್ ಭಾಷೆಯಲ್ಲಿ ಹಾರ ಎಂಬರ್ಥದ ‘ಕ್ರಾಂಜ್’ ಎಂಬ ಹೆಸರು ಬಂದದ್ದು 1880ರ ದಶಕದಲ್ಲಿ, ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್‌ಲಾಂಟ್ ಅವರ ಕೆಲಸದಿಂದ. ಬಳೆಯ ರಾಸಾಯನಿಕ ಕಾರಣವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ವಿವರಿಸಿದರು: ಬಳೆಯ ಹೊರಗಿನ, ಎಲೆಯ ನಡುಪದರದ ಮೀಸೋಫಿಲ್ ಕೋಶಗಳು ಇಂಗಾಲದ ಡೈಆಕ್ಸೈಡನ್ನು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು ಒಳಗಿನ ಕವಚಕೋಶಗಳಿಗೆ, ಅಂದರೆ ಬಳೆಯ ಕೋಶಗಳಿಗೆ, ದಾಟಿಸುತ್ತವೆ, ಸಕ್ಕರೆ ತಯಾರಾಗುವುದು ಅಲ್ಲಿ. ಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ರಾಗಿ ನಮ್ಮ ಸೀಮೆಯನ್ನು ಸಾಕಿರುವುದರಲ್ಲಿ ಈ ಏರ್ಪಾಡಿನ ಪಾಲು ದೊಡ್ಡದು. ಬಿಡಿ ಸಸ್ಯಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಲು 1902ರಲ್ಲೇ ಯತ್ನಿಸಿದವರೂ ಇದೇ ಹೇಬರ್‌ಲಾಂಟ್. ಅವರ ಕೋಶಗಳು ವಿಭಜನೆಗೊಳ್ಳಲಿಲ್ಲ. ಆದರೂ ಇಂದಿನ ಅಂಗಾಂಶ ಕೃಷಿಯ ಪಾಠ ಅವರಿಂದಲೇ ಶುರುವಾಗುತ್ತದೆ. ವಿದ್ವಾಂಸನೊಬ್ಬನ ಪ್ರಭಾವವನ್ನು ಉಲ್ಲೇಖಗಳ ಎಣಿಕೆಯಿಂದ ಅಳೆಯುವ ಪದ್ಧತಿ ನನಗೆ ಒಪ್ಪಿಗೆಯಾಗದಿರುವುದಕ್ಕೆ ಅವರೇ ಕಾರಣ.

2003ರ ಬರಗಾಲದಲ್ಲಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಮಳೆಯಾಶ್ರಿತ ಹೊಲದಲ್ಲಿ ಸುರುಳಿ ಸುತ್ತಿಕೊಂಡಿದ್ದ ರಾಗಿ ಎಲೆಯನ್ನು ತಂದು ಸೀಳಿದೆ. ಸಾಮಾನ್ಯವಾಗಿ ಮೀಸೋಫಿಲ್ ಕೋಶಗಳ ಗೋಡೆಯುದ್ದಕ್ಕೂ ಹರಡಿಕೊಂಡಿರುವ ಕ್ಲೋರೋಪ್ಲಾಸ್ಟ್‌ಗಳು ಅಂದು ಕವಚಕೋಶಗಳ ಕಡೆಗೇ ಗುಂಪುಗೂಡಿದ್ದವು. ಬೋರ್‌ವೆಲ್ ಕಾಲುವೆಯ ಅಂಚಿನ ಗಿಡದ ಎಲೆಯಲ್ಲಿ ಹಾಗಿರಲಿಲ್ಲ. ಹಿರಿಯರೊಬ್ಬರಿಗೆ ತೋರಿಸಿದಾಗ ಬ್ಲೇಡಿನ ಒತ್ತಡಕ್ಕೆ ಹೀಗಾಗಿರಬೇಕೆಂದರು. ನಾನೂ ನಂಬಿ, ಟಿಪ್ಪಣಿ ಪುಸ್ತಕದಲ್ಲಿ ‘ಕತ್ತರಿಕೆಯ ದೋಷ’ ಎಂದು ಬರೆದು ಪುಟ ತಿರುವಿದೆ. ಒಂದೇ ಬ್ಲೇಡಿನಲ್ಲಿ ಕತ್ತರಿಸಿದ ಎರಡು ಎಲೆಗಳಲ್ಲಿ ಒಂದಕ್ಕೆ ಮಾತ್ರ ದೋಷ ಹೇಗೆ ಬಂತು ಎಂಬ ಪ್ರಶ್ನೆ ಅಂದು ನನಗೆ ಏಳಲೇ ಇಲ್ಲ.

2009ರಲ್ಲಿ ಜಪಾನಿನ ನಗೋಯಾದ ಸಂಶೋಧಕರು ರಾಗಿಯ ಮೇಲೆಯೇ ನಡೆಸಿದ ಅಧ್ಯಯನ ಪ್ರಕಟವಾಯಿತು: ತೀವ್ರ ಬೆಳಕು, ಬರ, ಲವಣದ ಒತ್ತಡಗಳಲ್ಲಿ ಮೀಸೋಫಿಲ್ ಕ್ಲೋರೋಪ್ಲಾಸ್ಟ್‌ಗಳು ಕವಚಕೋಶಗಳ ಕಡೆಗೆ ಸರಿದು ಗುಂಪುಗೂಡುತ್ತವೆ. ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ ಸ್ಥಾನ ತಪ್ಪಿಸಿದ ಕ್ಲೋರೋಪ್ಲಾಸ್ಟ್‌ಗಳು ಮತ್ತೆ ಸ್ವಸ್ಥಾನಕ್ಕೆ ಮರಳಲು ಕೋಶದೊಳಗಿನ ಚಲನೆಯ ಪ್ರೋಟೀನುಗಳಾದ ಆಕ್ಟಿನ್ ಮತ್ತು ಮಯೋಸಿನ್‌ಗಳ ವ್ಯವಸ್ಥೆ ಬೇಕೆಂಬುದನ್ನೂ ಅವರು ತೋರಿಸಿದರು. ಅಷ್ಟು ದೂರ ಹೋಗುವ ಸಲಕರಣೆ ನನ್ನಲ್ಲಿರಲಿಲ್ಲ; ಆದರೆ ಅವರ ಚಿತ್ರದಲ್ಲಿದ್ದದ್ದನ್ನು ಆರು ವರ್ಷ ಮೊದಲೇ ಕೋಲಾರದ ಮೇಜಿನ ಮೇಲೆ ಕಂಡು ಕೈಬಿಟ್ಟಿದ್ದೆ ಎಂಬ ನೋವು ಬಹಳ ದಿನ ಕಾಡಿತು. ಹಳೆಯ ಪುಟ ತೆಗೆದು ಆ ಎರಡು ಪದಗಳ ಮೇಲೆ ಗೆರೆ ಎಳೆದೆ, ಅಳಿಸಲಿಲ್ಲ.

ಅಂದಿನಿಂದ ಕೆಲಸದ ರೀತಿಯೇ ಬದಲಾಯಿತು. ಬಾಡಿದ ಎಲೆಯ ಜೊತೆ ನೀರುಂಡ ಎಲೆಯನ್ನೂ ಅದೇ ಕ್ಯಾರೆಟ್ಟಿನಲ್ಲಿ ಇಟ್ಟು ಒಂದೇ ಎಳೆತದಲ್ಲಿ ಸೀಳುತ್ತೇನೆ. ಯಾವುದು ಯಾವ ಗಿಡದ್ದೆಂದು ತಿಳಿಯದ ಇನ್ನೊಬ್ಬರ ಕೈಯಲ್ಲಿ ಕೋಶಗಳನ್ನು ಎಣಿಸಿ ಬರೆಸುತ್ತೇನೆ. ನನ್ನ ಬಳಿ ಕಲಿತ ಕೆಲವರು ಈಗ ಬೇರೆ ಊರುಗಳಲ್ಲಿ ಅಧ್ಯಾಪಕರು. ಅವರಲ್ಲೊಬ್ಬಳು ತನ್ನ ವಿದ್ಯಾರ್ಥಿಗಳು ತೆಗೆದ ಸೀಳಿನ ಚಿತ್ರಗಳನ್ನು ಪ್ರತಿ ಮುಂಗಾರಿನಲ್ಲಿ ಕಳಿಸುತ್ತಾಳೆ. ಪ್ರತಿ ಚಿತ್ರದ ಕೆಳಗೆ ಎಲೆ ಕಿತ್ತ ಗಂಟೆ ಮತ್ತು ಹೊಲದ ತೇವ ಬರೆದಿರುತ್ತದೆ. ಕೊನೆಯ ಅಂಕಣದಲ್ಲಿ ‘ದೋಷವೆಂದು ತೋರಿದ್ದು’ ಎಂಬ ತಲೆಬರಹವಿದ್ದು, ಅದರ ಕೆಳಗಿನ ಜಾಗವನ್ನು ಯಾರೂ ಖಾಲಿ ಬಿಟ್ಟಿರುವುದಿಲ್ಲ.