ಅಡಿಕೆ ಸುಲಿಯುವ ಯಂತ್ರಕ್ಕೆ ಎಕ್ಸ್‌ಟೆನ್ಷನ್: ಕೇಬಲ್ ಆರಿಸಿದ ಬಗೆ

ಕೈಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಾಲ ಮುಗಿಯುತ್ತ ಬಂತು. ಮಲೆನಾಡಿನ ಎಷ್ಟೋ ಮನೆಗಳಂತೆ ನಮ್ಮಲ್ಲೂ ಈಗ ಒಂದು ಎಚ್.ಪಿ. ಮೋಟಾರಿನ ಸುಲಿಯುವ ಯಂತ್ರವಿದೆ. ಪ್ಲಗ್ ಇರುವುದು ಜಗಲಿಯ ಗೋಡೆಯಲ್ಲಿ, ಯಂತ್ರ ನಿಲ್ಲುವುದು ಅಂಗಳದಾಚೆಯ ಚಪ್ಪರದಲ್ಲಿ. ಕಂಬ ಬಳಸಿ ಎಳೆದರೆ ನಡುವೆ 25 ಮೀಟರ್. ಇಷ್ಟು ದೂರಕ್ಕೆ ಅಂಗಡಿಯ ಸಿದ್ಧ ಎಕ್ಸ್‌ಟೆನ್ಷನ್ ಪೆಟ್ಟಿಗೆಗಳನ್ನು ನಾನು ನಂಬುವುದಿಲ್ಲ. ಅಗ್ಗದ ಕೆಲವನ್ನು ತಿರುಪು ಬಿಚ್ಚಿ ನೋಡಿದ್ದೇನೆ. ಮುಖದಲ್ಲಿ ಮೂರು ತೂತು, ಒಳಗೆ ಬರುವುದು ಎರಡೇ ತಂತಿ; ಅರ್ಥ್ ತೂತಿನ ಹಿತ್ತಾಳೆಗೆ ಯಾವುದೂ ತಗಲಿರುವುದಿಲ್ಲ.

ನಮಗೆ ಅರ್ಥ್ ಬೇಕೇ ಬೇಕು. ಯಂತ್ರದ ಮೈಯೆಲ್ಲ ಕಬ್ಬಿಣ, ಹಸಿ ಅಡಿಕೆಯ ಚೊಗರಿನಿಂದ ಕೈ ಸದಾ ಒದ್ದೆ, ನೆಲವೂ ಒದ್ದೆ, ಅರ್ಧ ಜನ ಬರಿಗಾಲಲ್ಲಿ. ಮೋಟಾರಿನೊಳಗೆ ಸುತ್ತು ಸುಟ್ಟು ಫೇಸ್ ಮೈಗೆ ತಗಲಿದರೆ ಕರೆಂಟು ಹರಿದುಹೋಗಲು ಮೂರನೆಯ ತಂತಿ ಇರಲೇಬೇಕು. ಆದ್ದರಿಂದ ‘ತ್ರೀ ಕೋರ್’ ಎಂಬ ತೀರ್ಮಾನಕ್ಕೆ ಯೋಚನೆಯೇ ಬೇಕಾಗಲಿಲ್ಲ. ತಲೆ ಕೆಡಿಸಿಕೊಂಡದ್ದು ತಂತಿ ಎಷ್ಟು ದಪ್ಪವಿರಬೇಕು ಎಂಬುದಕ್ಕೆ.

ಯಂತ್ರ ಓಡುವಾಗ ಎಳೆಯುವುದು ಸುಮಾರು 7 ಆಂಪಿಯರ್. ತಯಾರಕರ ಪಟ್ಟಿಗಳಲ್ಲಿ 0.75 ಚದರ ಮಿ.ಮೀ. ಫ್ಲೆಕ್ಸಿಬಲ್ ಕೇಬಲ್‌ಗೆ 7 ಆಂಪಿಯರ್ ಎಂದೂ 1.5ಕ್ಕೆ 14ರ ಆಸುಪಾಸು ಎಂದೂ ಇರುತ್ತದೆ. ಪಟ್ಟಿ ನೋಡಿಯೇ ಕೊಳ್ಳುವವರು 1 ಅಥವಾ 1.5ಕ್ಕೆ ನಿಲ್ಲುತ್ತಾರೆ. ಆದರೆ ಆ ಪಟ್ಟಿ ಹೇಳುವುದು ತಂತಿ ಎಷ್ಟು ಬಿಸಿಯಾದೀತು ಎಂಬುದನ್ನು ಮಾತ್ರ. ದೂರದ ಲೆಕ್ಕ ಅದರಲ್ಲಿಲ್ಲ. ಕರೆಂಟು ಹೋಗಿ ಬರಬೇಕು, ಅಂದರೆ 25 ಮೀಟರ್ ಕೇಬಲ್ಲಿನಲ್ಲಿ 50 ಮೀಟರ್ ತಾಮ್ರ. 0.75ರ ತಂತಿಯಲ್ಲಿ ಅಷ್ಟು ಉದ್ದಕ್ಕೆ 1.3 ಓಮ್ ರೋಧವಿದೆ, 2.5ರಲ್ಲಿ 0.4 ಓಮ್. ಓಡುವಾಗ ಇದು ದೊಡ್ಡ ವಿಷಯವಲ್ಲ: ಮೊದಲನೆಯದರಲ್ಲಿ 9 ವೋಲ್ಟ್ ನಷ್ಟ, ಎರಡನೆಯದರಲ್ಲಿ 3ಕ್ಕೂ ಕಡಿಮೆ. ಕಷ್ಟವೆಲ್ಲ ಹೊರಡುವ ಗಳಿಗೆಯದು. ಮೋಟಾರು ಆಗ ನಾಲ್ಕೈದು ಪಟ್ಟು ಎಳೆಯುತ್ತದೆ. 30 ಆಂಪಿಯರ್ ಎಂದಿಟ್ಟುಕೊಂಡರೆ ತೆಳು ತಂತಿಯಲ್ಲಿ 39 ವೋಲ್ಟ್ ಕಳೆದುಹೋಯಿತು, ದಪ್ಪದ್ದರಲ್ಲಿ 12.

ಕೊಯ್ಲಿನ ಕಾಲದ ಸಂಜೆಗಳಲ್ಲಿ ನಮ್ಮ ಗೋಡೆಯ ಪ್ಲಗ್ಗಿನಲ್ಲೇ 200 ವೋಲ್ಟ್ ಸಿಕ್ಕರೆ ಪುಣ್ಯ. ಅದರಲ್ಲಿ 39 ಕಳೆದರೆ ಉಳಿಯುವುದು 161. ಮೋಟಾರಿನ ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಆಗ 230 ವೋಲ್ಟಿನಲ್ಲಿರುವ ಬಲದ ಅರ್ಧವೂ ಇರುವುದಿಲ್ಲ. ಯಂತ್ರ ತಿರುಗದೆ ಗುಂಯ್ ಎನ್ನುತ್ತ ನಿಲ್ಲುತ್ತದೆ. ನಿಂತಷ್ಟು ಹೊತ್ತೂ ಅದೇ ದೊಡ್ಡ ಕರೆಂಟು ಹರಿದು ತಂತಿ, ಮೋಟಾರು ಎರಡೂ ಬಿಸಿಯೇರುತ್ತವೆ. ಇಷ್ಟೆಲ್ಲ ಲೆಕ್ಕ ಹಾಕಿ 2.5ಕ್ಕೆ ಹೋದೆ.

‘ಹೇಗೂ ಎಂಸಿಬಿ ಇದೆಯಲ್ಲ’ ಎನ್ನುವವರಿದ್ದಾರೆ. ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು ಅದು. ಮನೆಯ 16 ಆಂಪಿಯರ್ ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ನಾವು ಹೊರಗೆ ಸಿಕ್ಕಿಸಿದ ತೆಳು ತಂತಿಯಲ್ಲಿ 12 ಆಂಪಿಯರ್ ಹರಿದು ಸಿಪ್ಪೆ ಮೆತ್ತಗಾಗುತ್ತಿದ್ದರೂ ಅದು ಬೀಳುವುದಿಲ್ಲ. ಅದರ ದೃಷ್ಟಿಯಲ್ಲಿ ಎಲ್ಲ ಸರಿಯಾಗಿಯೇ ಇದೆ.

ತೋಟದ ಮನೆಗಳಲ್ಲಿ ಬೋರ್‌ವೆಲ್ಲಿನ ಚಪ್ಪಟೆ ಕೇಬಲ್ ಉಳಿದು ಬಿದ್ದಿರುತ್ತದೆ. ನಮ್ಮಲ್ಲೂ ಇತ್ತು. ತಾಮ್ರ ಒಳ್ಳೆಯದು, ನೀರಿಗೂ ಅಂಜದು. ಆದರೆ ಒಳಗಿನ ಬಣ್ಣ ಕೆಂಪು, ಹಳದಿ, ನೀಲಿ: ಮೂರು ಫೇಸಿನ ಲೆಕ್ಕ. ಅರ್ಥ್ ಯಾವುದೆಂದು ನನಗೆ ನೆನಪಿದ್ದರೂ ನಾಳೆ ಪ್ಲಗ್ ಬದಲಿಸುವವನಿಗೆ ಹೇಗೆ ಗೊತ್ತಾಗಬೇಕು? ಚಪ್ಪಟೆ ಮೈಯನ್ನು ಪ್ಲಗ್ ಟಾಪಿನ ಹಿಡಿಕೆ ಸರಿಯಾಗಿ ಕಚ್ಚುವುದೂ ಇಲ್ಲ. ಹಾಗೆಂದು ಅದನ್ನು ಬಿಟ್ಟು, ಕೆಂಪು, ಕಪ್ಪು, ಹಸಿರು ತಂತಿಗಳಿರುವ ಗುಂಡನೆಯ ಫ್ಲೆಕ್ಸಿಬಲ್ ಕೇಬಲ್ ಕೇಳಿದೆ. ಮನೆ ವೈರಿಂಗ್‌ನ ಬಿಡಿ ತಂತಿಗಳನ್ನು ಹೊಸೆದು ಎಳೆಯುವ ಪದ್ಧತಿಯೂ ಇದೆ. ಅವುಗಳಿಗೆ ಮೇಲ್ಕವಚವಿಲ್ಲ, ಅಂಗಳದ ಕಲ್ಲಿಗೆ ಉಜ್ಜಿದರೆ ಕತೆ ಮುಗಿಯಿತು.

“ಇಷ್ಟು ದಪ್ಪದ್ದು ಯಾಕೆ ಮಾರಾಯರೇ, ಹಿಟ್ಟಿನ ಗಿರಣಿ ಹಾಕುತ್ತೀರಾ?” ಎಂದು ಅಂಗಡಿಯವರು ನಕ್ಕರು. ನಗಲಿ ಎಂದುಕೊಂಡು ಕೇಬಲ್ಲಿನ ಮೈ ಓದಿದೆ. ಐಎಸ್ 694 (ಇಂಥ ಕೇಬಲ್ಲುಗಳ ಭಾರತೀಯ ಮಾನದಂಡ) ಎಂಬ ಅಚ್ಚು, ಐಎಸ್‌ಐ ಗುರುತು, 1100 ವೋಲ್ಟ್, 2.5 ಎಂಬ ಅಳತೆ ಎಲ್ಲ ಇತ್ತು. ಅಚ್ಚನ್ನು ಯಾರು ಬೇಕಾದರೂ ಒತ್ತಬಹುದಾದ್ದರಿಂದ ತುದಿಯಲ್ಲಿ ಎರಡು ಅಂಗುಲ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಇದು ಒಳಗೂ ಕೆಂಪಗೇ ಇತ್ತು. ಆಮೇಲೆ ಮೊಳೆ ತೂಗುವ ತಕ್ಕಡಿಗೆ ಸುರುಳಿಯನ್ನು ಹಾಕಿಸಿದೆ. 2.5ರ ಮೂರು ತಂತಿ 25 ಮೀಟರಿಗೆ ತಾಮ್ರವೊಂದೇ ಸುಮಾರು 1.7 ಕೆ.ಜಿ. ಆಗಬೇಕು, ಪ್ಲಾಸ್ಟಿಕ್ಕಿನ ತೂಕ ಬೇರೆ. ಇಡೀ ಸುರುಳಿಯೇ ಎರಡು ಕೆ.ಜಿ. ತೂಗಿದ್ದರೆ ಮಾತಿಲ್ಲದೆ ಎದ್ದು ಬರುತ್ತಿದ್ದೆ.

ಜೋಡಣೆಯಲ್ಲಿ ಹೇಳುವಂಥದ್ದು ಸ್ವಲ್ಪವೇ. 6 ಆಂಪಿಯರ್ ಪ್ಲಗ್ ಟಾಪಿನ ತೂತಿಗೆ ಈ ಕೇಬಲ್ ಹೋಗುವುದೇ ಇಲ್ಲ, 16ರದ್ದು ಹಾಕಿದೆ. ಎಳೆಗಳನ್ನು ಬೆಸುಗೆ ಹಾಕಿ ತಿರುಪಿನಡಿ ಕೊಟ್ಟರೆ ಸೀಸ ಮೆಲ್ಲಗೆ ಅದುಮಿಕೊಂಡು ತಿರುಪು ಸಡಿಲವಾಗುತ್ತದೆ, ಅದಕ್ಕೆ ತುದಿಗಳಿಗೆ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುಂಡು) ಒತ್ತಿಸಿದೆ. ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಒಂದು ಅಂಗುಲ ಉದ್ದ ಬಿಟ್ಟು ಸಣ್ಣ ಬಳುಕು ಕೊಟ್ಟೆ. ಯಾರಾದರೂ ಎಡವಿ ಜಗ್ಗಿ ಕೇಬಲ್ ಕಿತ್ತು ಬಂದರೂ ಅರ್ಥ್ ಕೊನೆಗೆ ಕೀಳಬೇಕು. ಹಿಡಿಕೆಯ ಎರಡು ತಿರುಪುಗಳು ಕಚ್ಚಬೇಕಾದ್ದು ಹೊರಕವಚವನ್ನು, ಒಳಗಿನ ಬಣ್ಣದ ತಂತಿಗಳನ್ನಲ್ಲ.

ಜಗಲಿಯ ಆ ಪ್ಲಗ್ಗಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನು (ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದೆ. ನಮ್ಮ ಅರ್ಥ್ ಗುಂಡಿಯ ರೋಧ 10 ಓಮ್ ಇದ್ದರೆ ಯಂತ್ರದ ಮೈಗೆ ಫೇಸ್ ತಗಲಿದಾಗ ಹರಿಯುವುದು 23 ಆಂಪಿಯರ್. ಅಷ್ಟಕ್ಕೆ 16ರ ಎಂಸಿಬಿ ಒಂದು ಗಂಟೆಯಾದರೂ ಬೀಳದೆ ಇರಬಹುದು. ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ.

ಬಳಸುವಾಗ ಕೇಬಲ್ಲನ್ನು ಪೂರ್ತಿ ಬಿಚ್ಚಿ ಎಳೆಯುತ್ತೇವೆ. ಸುರುಳಿಯಲ್ಲೇ ಬಿಟ್ಟರೆ ನಡುವಿನ ಸುತ್ತುಗಳ ಶಾಖಕ್ಕೆ ಹೋಗಲು ದಾರಿಯಿರುವುದಿಲ್ಲ. ತುದಿಯ ಪೆಟ್ಟಿಗೆ ಕಂಬದ ಮೇಲೆ ಎದೆಯೆತ್ತರದಲ್ಲಿ ತೂಗುತ್ತದೆ. ಯಂತ್ರ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಟಾಪನ್ನು ಮುಟ್ಟಿ ನೋಡುವುದುಂಟು. ಬಿಸಿಯಿದ್ದರೆ ಒಳಗೊಂದು ತಿರುಪು ಸಡಿಲವಾಗಿದೆ, ಇಲ್ಲವೇ ಗೋಡೆಯ ಸಾಕೆಟ್ಟಿನ ಹಿತ್ತಾಳೆ ಹಿಡಿತ ಕಳೆದುಕೊಂಡಿದೆ. ನಮ್ಮಲ್ಲಿ ಎರಡನೆಯದಾಗಿತ್ತು, ಸಾಕೆಟ್ ಬದಲಿಸಿದ ಮೇಲೆ ತಣ್ಣಗಿದೆ.